ಸಮನ್ಸೂ ಬಂತು, ಡೆಡ್‌ಲೈನೂ ಬಂತು: ಅಮೆರಿಕದ ಜ್ಯೂರಿ ಸೇವೆ ನೌಕರಿಯಲ್ಲಿರುವವರಿಗೆ ಹೇಗಿದೆ?

ಅಮೆರಿಕದಲ್ಲಿ ಮೊಕದ್ದಮೆ ಕೇಳಿ ತೀರ್ಪು ಹೇಳಲು ಸಾಮಾನ್ಯ ಪ್ರಜೆಗಳನ್ನೇ ಕೋರ್ಟು ಕರೆಸುತ್ತದೆ, ಅದೇ ಜ್ಯೂರಿ ಸೇವೆ. ಹಾಗೆ ಕರೆಯುವ ಫೆಡರಲ್ (ಕೇಂದ್ರದ) ಜಿಲ್ಲಾ ಕೋರ್ಟಿನ ಲಕೋಟೆ ಮನೆಗೆ ಬಂದಾಗ ಹೆಚ್ಚಿನವರು ಎರಡರಲ್ಲಿ ಒಂದು ತಪ್ಪು ಮಾಡುತ್ತಾರೆ. ಆಮೇಲೆ ನೋಡಿದರಾಯಿತು ಅಂತ ಮೇಜಿನ ಮೇಲೆ ಇಟ್ಟು ಮರೆಯುತ್ತಾರೆ, ಇಲ್ಲವೇ ‘ಆಫೀಸಿನಲ್ಲಿ ಕೆಲಸ ಜಾಸ್ತಿ, ನನ್ನನ್ನು ಬಿಟ್ಟುಬಿಡಿ’ ಎಂದು ಬರೆದು ಕಳಿಸುತ್ತಾರೆ. ಮರೆತರೆ ದಂಡದ ಭಯ, ಬಿಟ್ಟುಬಿಡಿ ಅಂದರೆ ಸಾಮಾನ್ಯವಾಗಿ ಸಿಗುವ ಉತ್ತರ ‘ಆಗುವುದಿಲ್ಲ’. ಈ ಸೇವೆ ನೌಕರಿಯಲ್ಲಿರುವವರಿಗೆ ನಿಜವಾಗಿ ಕೊಡುವ ಅನುಕೂಲ ಬೇರೆಯೇ ಇದೆ: ದಿನಾಂಕ ಬದಲಿಸಿಕೊಳ್ಳುವುದು. ಅದನ್ನು ಸರಿಯಾಗಿ ಬಳಸಿದವರಿಗೆ ಉಳಿದ ತಲೆಬಿಸಿ ಬಹುಪಾಲು ಕಡಿಮೆ. ನಮ್ಮ ತೀರ್ಮಾನ ಮೊದಲೇ ಹೇಳಿಬಿಡುತ್ತೇವೆ: ದಿನಾಂಕ ಬದಲಿಸುವ ವ್ಯವಸ್ಥೆ ಚೆನ್ನಾಗಿದೆ, ಕೆಲಸ ಕಾಪಾಡುವ ಕಾನೂನು ಗಟ್ಟಿಯಾಗಿದೆ, ಕೈಗೆ ಬರುವ ದುಡ್ಡು ಮಾತ್ರ ಗಂಟೆ ಲೆಕ್ಕದಲ್ಲಿ ದುಡಿಯುವವರ ಪಾಲಿಗೆ ತೀರಾ ಕಡಿಮೆ.

ಫೆಡರಲ್ ಕೋರ್ಟುಗಳು ಉತ್ತರ ಪಡೆಯಲು ಇ-ಜ್ಯೂರರ್ ಎಂಬ ಆನ್‌ಲೈನ್ ಸೇವೆ ಇಟ್ಟಿವೆ. ಒಳಗೆ ಹೋಗಲು ಪತ್ರದಲ್ಲಿ ಅಚ್ಚಾಗಿರುವ 9 ಅಂಕಿಯ ಪಾರ್ಟಿಸಿಪೆಂಟ್ ನಂಬರ್, ಕೊನೆಯ ಹೆಸರಿನ ಮೊದಲ ಮೂರು ಅಕ್ಷರ, ಹುಟ್ಟಿದ ದಿನಾಂಕ ಬೇಕು. ನಮ್ಮವರು ಎಡವುವುದು ಈ ಮೂರು ಅಕ್ಷರಗಳಲ್ಲಿ. ಇನಿಷಿಯಲ್ ಇಟ್ಟುಕೊಂಡ ಹೆಸರು, ತಂದೆಯ ಹೆಸರೋ ಊರಿನ ಹೆಸರೋ ಕೊನೆಗೆ ಹೋಗಿ ಕೂತ ಹೆಸರು, ಡ್ರೈವಿಂಗ್ ಲೈಸೆನ್ಸಿನಲ್ಲಿ ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ (ಮೊದಲ ಹೆಸರು ಗೊತ್ತಿಲ್ಲ) ಎಂದು ಬಂದ ಹೆಸರು, ಇವೆಲ್ಲ ಕೋರ್ಟಿನ ಪಟ್ಟಿಗೂ ಹಾಗೇ ಬರುತ್ತವೆ. ನೀವು ದಿನವೂ ಬಳಸುವ ಹೆಸರನ್ನು ಮರೆತು, ಲಕೋಟೆಯ ಮೇಲೆ ಕೊನೆಯ ಹೆಸರೆಂದು ಏನು ಅಚ್ಚಾಗಿದೆಯೋ ಅದನ್ನೇ ಹಾಕಿ. ಗ್ರೂಪ್ ನಂಬರೇ ಬೇರೆ, ಪಾರ್ಟಿಸಿಪೆಂಟ್ ನಂಬರೇ ಬೇರೆ ಎನ್ನುವುದೂ ಗಮನದಲ್ಲಿರಲಿ. ಕೌಂಟಿ ಕೋರ್ಟಿನ ಸಮನ್ಸ್ ಹಿಡಿದು ಇ-ಜ್ಯೂರರ್‌ನಲ್ಲಿ ಎಷ್ಟು ಸಲ ಒತ್ತಿದರೂ ತೆರೆಯುವುದಿಲ್ಲ. ರಾಜ್ಯದ ಕೋರ್ಟುಗಳಿಗೆ ಅವುಗಳದೇ ಸೈಟು, ಅವುಗಳದೇ ನಂಬರು.

ಅನೇಕ ಜಿಲ್ಲೆಗಳಲ್ಲಿ ಪತ್ರ ಎರಡು ಹಂತದಲ್ಲಿ ಬರುತ್ತದೆ. ಮೊದಲು ಅರ್ಹತೆಯ ಪ್ರಶ್ನಾವಳಿ, ಎಷ್ಟೋ ದಿನದ ಮೇಲೆ ಸಮನ್ಸ್. ಪ್ರಶ್ನಾವಳಿಗೆ 10 ದಿನದೊಳಗೆ ಉತ್ತರಿಸಬೇಕು. ಇಲ್ಲಿ ಗ್ರೀನ್ ಕಾರ್ಡ್ ಮತ್ತು ಎಚ್-1ಬಿಯವರಿಗೆ ಒಂದು ಮಾತು ಒತ್ತಿ ಹೇಳಬೇಕು. ಜ್ಯೂರಿಯಲ್ಲಿ ಕೂರಬಹುದಾದವರು ಅಮೆರಿಕದ ಪ್ರಜೆಗಳು ಮಾತ್ರ. ಆದರೆ ಹೆಸರುಗಳನ್ನು ಮತದಾರರ ಪಟ್ಟಿಯ ಜೊತೆಗೆ ಬಹಳ ಕಡೆ ಡ್ರೈವಿಂಗ್ ಲೈಸೆನ್ಸ್ ಪಟ್ಟಿಯಿಂದಲೂ ಎತ್ತುತ್ತಾರೆ. ಹಾಗಾಗಿ ಪ್ರಜೆಯಲ್ಲದವರ ಮನೆಗೂ ಪತ್ರ ಬರುತ್ತದೆ. ನನಗೆ ಸಂಬಂಧವಿಲ್ಲ ಅಂತ ಕಸಕ್ಕೆ ಹಾಕಬೇಡಿ. ‘ಪ್ರಜೆಯಲ್ಲ’ ಎಂಬ ಉತ್ತರ ಗುರುತು ಮಾಡಿ, ಕಳಿಸಿ, ಒಂದು ಪ್ರತಿ ಇಟ್ಟುಕೊಳ್ಳಿ. ಅವಸರದಲ್ಲಿ ‘ಪ್ರಜೆ’ ಎಂದು ಒತ್ತಿಬಿಟ್ಟರೆ ಅದು ಜ್ಯೂರಿಯ ಮಾತಾಗಿ ಉಳಿಯದೆ ಮುಂದೆ ವಲಸೆಯ ಅರ್ಜಿಗೇ ಮುಳ್ಳಾಗಬಹುದು.

ಈಗ ಮುಂದೂಡಿಕೆಯ ವಿಷಯ. ಕೋರ್ಟಿನ ಭಾಷೆಯಲ್ಲಿ ಮುಂದೂಡಿಕೆ ಒಂದು, ವಿನಾಯಿತಿ ಇನ್ನೊಂದು. ಪೂರ್ತಿ ಬಿಡಿಸಿಕೊಳ್ಳಬೇಕಾದರೆ ‘ಅತಿಯಾದ ಕಷ್ಟ ಅಥವಾ ತೀವ್ರ ಅನಾನುಕೂಲ’ ಇದೆ ಎಂದು ತೋರಿಸಬೇಕು. ನಾನಿಲ್ಲದಿದ್ದರೆ ಪ್ರಾಜೆಕ್ಟ್ ನಿಲ್ಲುತ್ತದೆ ಎನ್ನುವುದು ಆ ಅಳತೆಗೆ ಬರುವುದು ಅಪರೂಪ. ಮ್ಯಾನೇಜರ್ ಸಹಿ ಹಾಕಿದ ಪತ್ರವೂ ಒಂದರಿಂದಲೇ ಕೆಲಸ ಮಾಡುವುದಿಲ್ಲ. ಅದೇ ಕಾರಣವನ್ನು ‘ಈ ಎರಡು ವಾರ ಆಗುವುದಿಲ್ಲ, ಇಂಥ ತಿಂಗಳು ಖಂಡಿತ ಬರುತ್ತೇನೆ’ ಎಂದು ಬರೆದರೆ ಕೋರ್ಟಿನ ಗುಮಾಸ್ತರಿಗೆ ಒಪ್ಪುವುದು ಸುಲಭ. ಅವರಿಗೂ ಬೇಕಿರುವುದು ಬರುವ ಜನ.

ಅರ್ಜಿ ಬರೆಯುವಾಗ ದಿನಾಂಕಗಳು ಖಚಿತವಾಗಿರಲಿ. ‘ಮಾರ್ಚ್ ಬ್ಯುಸಿ’ ಎಂದರೆ ಏನೂ ಹೇಳಿದಂತಲ್ಲ. ‘ಮಾರ್ಚ್ 9ರಿಂದ 20ರವರೆಗೆ ವರ್ಷಾಂತ್ಯದ ಆಡಿಟ್, ಈ ಕೆಲಸಕ್ಕೆ ಬದಲಿ ಆಳಿಲ್ಲ, ಏಪ್ರಿಲ್ 13ರ ನಂತರ ಯಾವ ವಾರವಾದರೂ ಸರಿ’ ಎಂದರೆ ಓದಿದವರು ತಕ್ಷಣ ತೀರ್ಮಾನಿಸಬಹುದು. ವಿಮಾನದ ಟಿಕೆಟ್, ಶಸ್ತ್ರಚಿಕಿತ್ಸೆಯ ಚೀಟಿ ಇದ್ದರೆ ಪ್ರತಿ ಸಿದ್ಧವಾಗಿಟ್ಟುಕೊಳ್ಳಿ. ಹೊಸ ದಿನಾಂಕ ಆರಿಸುವಾಗ ಆಫೀಸಿನ ಕ್ಯಾಲೆಂಡರ್ ತೆರೆದಿಟ್ಟುಕೊಂಡೇ ಕೂರಿ, ಏಕೆಂದರೆ ಮೊದಲ ಸಲ ಸಲೀಸಾಗಿ ಸಿಗುವ ಮುಂದೂಡಿಕೆ ಎರಡನೆಯ ಸಲ ಅಷ್ಟು ಸಲೀಸಲ್ಲ. ಬೇಸಿಗೆಗೆ ತಳ್ಳಿ, ಅದೇ ಬೇಸಿಗೆಯಲ್ಲಿ ಊರಿಗೆ ಟಿಕೆಟ್ ಮಾಡಿಸಿದವರು ಪೇಚಿಗೆ ಸಿಕ್ಕಿಕೊಳ್ಳುವುದು ಹೀಗೆಯೇ.

ಇ-ಜ್ಯೂರರ್‌ನ ದೊಡ್ಡ ಕೊರತೆಯೂ ಇಲ್ಲೇ ಇದೆ. ಆನ್‌ಲೈನಿನಲ್ಲಿ ‘ಸಲ್ಲಿಸಿ’ ಒತ್ತಿದ ಮಾತ್ರಕ್ಕೆ ದಿನಾಂಕ ಬದಲಾಗಲಿಲ್ಲ. ಒಪ್ಪಿಗೆಯ ಉತ್ತರ ಬರುವ ತನಕ ಹಳೆಯ ಸಮನ್ಸೇ ಜಾರಿಯಲ್ಲಿರುತ್ತದೆ. ಇ-ಜ್ಯೂರರ್‌ನಲ್ಲಿ ಮತ್ತೆ ಒಳಹೋಗಿ ನೋಡಬೇಕು, ಉತ್ತರ ಕಾಣದಿದ್ದರೆ ಜ್ಯೂರಿ ಕಚೇರಿಗೆ ಫೋನ್ ಮಾಡಬೇಕು. ಫೆಡರಲ್ ಕೋರ್ಟಿಗೆ ಕಾರಣವಿಲ್ಲದೆ ಗೈರಾದರೆ 1,000 ಡಾಲರ್ ತನಕ ದಂಡ, ಮೂರು ದಿನದ ತನಕ ಜೈಲು, ಸಮುದಾಯ ಸೇವೆ, ಅಥವಾ ಇವು ಸೇರಿಸಿಯೂ ವಿಧಿಸಬಹುದು.

ಆಫೀಸಿಗೆ ಹೇಳುವುದು ಯಾವಾಗ? ಸಮನ್ಸ್ ಬಂದ ದಿನವೇ. ಮ್ಯಾನೇಜರ್ ಮತ್ತು ಎಚ್‌ಆರ್ ಇಬ್ಬರಿಗೂ ಒಂದೇ ಇಮೇಲ್, ಸಮನ್ಸಿನ ಸ್ಕ್ಯಾನ್ ಜೊತೆಗೆ. ಬಾಯಿಮಾತಿನಲ್ಲಿ ಹೇಳಿದ್ದು ಆಮೇಲೆ ಸಾಕ್ಷಿಗೆ ಬರುವುದಿಲ್ಲ. ಆ ಇಮೇಲಿನಲ್ಲಿ ನಾಲ್ಕು ಪ್ರಶ್ನೆ ಕೇಳಿಬಿಡಿ: ಸಂಬಳ ಎಷ್ಟು ದಿನದವರೆಗೆ ಬರುತ್ತದೆ, ಕೋರ್ಟಿನ ದುಡ್ಡನ್ನು ಕಂಪನಿಗೆ ಕೊಡಬೇಕೆ, ಬೇಗ ಬಿಟ್ಟ ದಿನ ಆಫೀಸಿಗೆ ವಾಪಸಾಗಬೇಕೆ, ಹಾಜರಾತಿಗೆ ಯಾವ ಕಾಗದ ಬೇಕು. ಕೊನೆಯದು ಮುಖ್ಯ. ಹಾಜರಾತಿ ಪತ್ರವನ್ನು ಕೋರ್ಟಿನಿಂದ ಹೊರಡುವ ಮುಂಚೆಯೇ ಕೇಳಿ ಪಡೆಯುವುದು ವಾಸಿ.

ಕೆಲಸದ ಯೋಜನೆ ಕೆಡಿಸುವುದು ವಿಚಾರಣೆಗಿಂತ ಹೆಚ್ಚಾಗಿ ‘ಕರೆದರೆ ಬನ್ನಿ’ ಎಂಬ ಅವಧಿ. ಕೆಲವು ಜಿಲ್ಲೆಗಳಲ್ಲಿ ಇದು ಎರಡು ವಾರ, ಕೆಲವೆಡೆ ತಿಂಗಳೇ. ನಾಳೆ ಬರಬೇಕೋ ಬೇಡವೋ ಎನ್ನುವುದು ಹಿಂದಿನ ಸಂಜೆ ರೆಕಾರ್ಡ್ ಮಾಡಿದ ಸಂದೇಶದಲ್ಲಿ ಅಥವಾ ಸೈಟಿನಲ್ಲಿ ಗೊತ್ತಾಗುತ್ತದೆ. ಹಾಗಿರುವಾಗ ಆ ಅವಧಿಯಲ್ಲಿ ನೀವೇ ನಿಂತು ನಡೆಸಬೇಕಾದ ಮೀಟಿಂಗ್, ರಿಲೀಸ್, ಗ್ರಾಹಕರ ಭೇಟಿ ಇಟ್ಟುಕೊಳ್ಳಬಾರದು. ಪ್ರತಿ ಕೆಲಸಕ್ಕೂ ಒಬ್ಬ ಬದಲಿ ಹೆಸರು, ನಿಮ್ಮ ಪಾಸ್‌ವರ್ಡಿಲ್ಲದೆಯೂ ಅವರಿಗೆ ಸಿಗುವಂತೆ ಫೈಲುಗಳು, ಸಂಜೆ ಆರರ ಹೊತ್ತಿಗೆ ‘ನಾಳೆ ಇದ್ದೇನೆ’ ಅಥವಾ ‘ಇಲ್ಲ’ ಎಂಬ ಒಂದು ಸಾಲಿನ ಮೆಸೇಜ್. ಇಷ್ಟಾದರೆ ತಂಡ ಸುಧಾರಿಸಿಕೊಳ್ಳುತ್ತದೆ. ಕೋರ್ಟಿನಲ್ಲಿ ಕೂತು ಲ್ಯಾಪ್‌ಟಾಪಿನಲ್ಲಿ ಮುಗಿಸುತ್ತೇನೆ ಎಂಬ ಧೈರ್ಯ ಬೇಡ. ಕಾಯುವ ಕೋಣೆಯಲ್ಲಿ ವೈಫೈ ಕೊಡುವ ಕೋರ್ಟುಗಳಿವೆ, ಫೋನನ್ನೇ ಬಾಗಿಲಲ್ಲಿ ತಡೆಯುವ ಕೋರ್ಟುಗಳೂ ಇವೆ. ಜ್ಯೂರಿಗೆ ಆಯ್ಕೆಯಾದ ಮೇಲಂತೂ ವಿಚಾರಣೆ ನಡೆಯುವಷ್ಟು ಹೊತ್ತು ಗಮನ ಅಲ್ಲೇ ಇರಬೇಕು. ಒಬ್ಬ ಮನುಷ್ಯನ ಬದುಕು ಅಲ್ಲಿ ತೀರ್ಮಾನವಾಗುತ್ತಿರುತ್ತದೆ.

ಒಬ್ಬರ ಮೇಲೆ ಆರೋಪ ಹೊರಿಸಲು ಆಧಾರವಿದೆಯೇ ಎಂದು ನೋಡುವ ಗ್ರ್ಯಾಂಡ್ ಜ್ಯೂರಿಯ ಸಮನ್ಸ್ ಆದರೆ ಲೆಕ್ಕವೇ ಬೇರೆ. 16ರಿಂದ 23 ಜನರ ಆ ಗುಂಪು 18 ತಿಂಗಳವರೆಗೂ ಇರಬಹುದು, ಪ್ರತಿದಿನ ಅಲ್ಲ, ಆಗಾಗ ಗೊತ್ತುಪಡಿಸಿದ ದಿನಗಳಂದು ಸೇರುತ್ತದೆ. ಆ ದಿನಗಳ ಪಟ್ಟಿ ಸಿಕ್ಕ ಕೂಡಲೇ ಆಫೀಸಿಗೆ ಕೊಡಬೇಕು.

ದುಡ್ಡಿನ ವಿಷಯಕ್ಕೆ ಬರೋಣ. ಫೆಡರಲ್ ಕೋರ್ಟು ಕೊಡುವುದು ದಿನಕ್ಕೆ 50 ಡಾಲರ್, ಜೊತೆಗೆ ಪ್ರಯಾಣದ ಖರ್ಚು. 10 ದಿನ ದಾಟಿದ ವಿಚಾರಣೆಯಲ್ಲಿ ದಿನಕ್ಕೆ 60ರವರೆಗೆ ಏರಿಸಬಹುದು. ಬಾಡಿಗೆ ಕಾರು ಓಡಿಸುವವರಿಗೆ, ಅಂಗಡಿಯಲ್ಲಿ ಗಂಟೆ ಲೆಕ್ಕದಲ್ಲಿ ನಿಲ್ಲುವವರಿಗೆ ಇದು ಏನೇನೂ ಸಾಲದು. ಕೆಲಸ ಮಾಡದ ಆ ಗಂಟೆಗಳಿಗೆ ಸಂಬಳ ಕೊಡಬೇಕೆಂದು ಕೇಂದ್ರದ ಕಾರ್ಮಿಕ ಕಾನೂನು ಮಾಲೀಕರನ್ನು ಒತ್ತಾಯಿಸುವುದಿಲ್ಲ. ಈ ಸೇವೆಗೆ ನಾವು ಕಡಿಮೆ ಅಂಕ ಕೊಡುವುದು ಇದೊಂದೇ ಕಾರಣಕ್ಕೆ, ಮತ್ತು ಈ ಕಾರಣ ಸಣ್ಣದಲ್ಲ.

ತಿಂಗಳ ಸಂಬಳದ, ಓವರ್‌ಟೈಮ್ ಇಲ್ಲದ ‘ಎಕ್ಸೆಂಪ್ಟ್’ ನೌಕರರ ಸ್ಥಿತಿ ವಾಸಿ. ಜ್ಯೂರಿಗೆ ಹೋದ ಕಾರಣಕ್ಕೆ ಅವರ ಸಂಬಳ ಕತ್ತರಿಸುವಂತಿಲ್ಲ. ಆದರೆ ಆ ವಾರ ಬಂದ ಕೋರ್ಟಿನ ಫೀಯನ್ನು ಕಂಪನಿ ಸಂಬಳದಲ್ಲಿ ವಜಾ ಮಾಡಿಕೊಳ್ಳಬಹುದು. ಸೋಮವಾರದಿಂದ ಬುಧವಾರ ಕೋರ್ಟು, ಗುರುವಾರ ಶುಕ್ರವಾರ ಆಫೀಸು ಎಂದಿಟ್ಟುಕೊಳ್ಳಿ. ಪೂರ್ತಿ ವಾರದ ಸಂಬಳ ಬರಬೇಕು, ಹೆಚ್ಚೆಂದರೆ 150 ಡಾಲರ್ ಹಿಡಿಯಬಹುದು. ವಾರವಿಡೀ ಒಂದಿಷ್ಟೂ ಕೆಲಸ ಮಾಡದಿದ್ದರೆ ಮಾತ್ರ ಆ ವಾರದ ಸಂಬಳ ಕೊಡಲೇಬೇಕೆಂಬ ನಿಯಮವಿಲ್ಲ. ಫೆಡರಲ್ ಸರ್ಕಾರದ ನೌಕರರಿಗೆ ಕೋರ್ಟ್ ರಜೆ ಸಂಬಳ ಸಮೇತ ಸಿಗುತ್ತದೆ.

ರಾಜ್ಯಗಳ ನಡುವೆ ಅಜಗಜಾಂತರ. ಮ್ಯಾಸಚೂಸೆಟ್ಸ್‌ನಲ್ಲಿ ಮೊದಲ ಮೂರು ದಿನದ ಸಂಬಳ ಮಾಲೀಕರೇ ಕೊಡಬೇಕು, ನಾಲ್ಕನೆಯ ದಿನದಿಂದ ರಾಜ್ಯ 50 ಡಾಲರ್ ಕೊಡುತ್ತದೆ. ಕನೆಕ್ಟಿಕಟ್‌ನಲ್ಲಿ ಪೂರ್ಣಾವಧಿ ನೌಕರರಿಗೆ ಇದು ಐದು ದಿನ. ಕೊಲರಾಡೊದಲ್ಲಿ ಮೂರು ದಿನ, ದಿನಕ್ಕೆ 50 ಡಾಲರ್ ಮಿತಿಯಲ್ಲಿ. ಕ್ಯಾಲಿಫೋರ್ನಿಯಾದಲ್ಲಿ ಮೊದಲ ದಿನಕ್ಕೆ ಏನೂ ಇಲ್ಲ, ಎರಡನೆಯ ದಿನದಿಂದ 15 ಡಾಲರ್. ಅಷ್ಟು ದೊಡ್ಡ ರಾಜ್ಯಕ್ಕೆ ಇದು ಶೋಭೆಯಲ್ಲ. ಟೆಕ್ಸಸ್ 2023ರ ಸೆಪ್ಟೆಂಬರಿನಿಂದ ಮೊದಲ ದಿನಕ್ಕೆ 6 ಇದ್ದದ್ದನ್ನು 20 ಮಾಡಿ, ಮುಂದಿನ ದಿನಗಳಿಗೆ 58 ಡಾಲರಿಗೆ ಏರಿಸಿತು.

ರಾತ್ರಿ ಪಾಳಿಯವರ ಕಷ್ಟ ಹೆಚ್ಚಿನ ಕಂಪನಿಗಳ ನಿಯಮಗಳಲ್ಲಿ ಕಾಣುವುದೇ ಇಲ್ಲ. ಬೆಳಗಿನ ತನಕ ಆಸ್ಪತ್ರೆಯಲ್ಲೋ ಗೋದಾಮಿನಲ್ಲೋ ದುಡಿದು ಎಂಟೂವರೆಗೆ ಕೋರ್ಟಿನಲ್ಲಿ ಕೂರುವುದು ಮನುಷ್ಯರಿಂದ ಆಗುವ ಕೆಲಸವಲ್ಲ. ಟೆನೆಸ್ಸಿ ಕಾನೂನು ಸೇವೆಯ ಮೊದಲ ದಿನದ ಹಿಂದಿನ ರಾತ್ರಿ ಪಾಳಿಯಿಂದ ಬಿಡುವು ಕೊಡುತ್ತದೆ. ವರ್ಜೀನಿಯಾದಲ್ಲಿ ಪ್ರಯಾಣವೂ ಸೇರಿ ನಾಲ್ಕು ಗಂಟೆ ಅಥವಾ ಹೆಚ್ಚು ಹೊತ್ತು ಜ್ಯೂರಿಗೆ ಹೋದವರನ್ನು ಆ ಸಂಜೆ 5ರಿಂದ ಮರುದಿನ ನಸುಕಿನ 3ರೊಳಗೆ ಶುರುವಾಗುವ ಪಾಳಿಗೆ ಕರೆಯುವಂತಿಲ್ಲ, ಅವರ ಸಿಕ್ ಲೀವ್, ವೆಕೇಶನ್ ಕತ್ತರಿಸುವಂತೆಯೂ ಇಲ್ಲ. ಉಳಿದ ರಾಜ್ಯಗಳೂ ಇದನ್ನು ನಕಲು ಮಾಡಿದರೆ ಎಷ್ಟು ಚೆನ್ನ.

ಕೆಲಸ ಹೋಗುವ ಭಯಕ್ಕೆ ಫೆಡರಲ್ ಸಮನ್ಸಿನ ಮಟ್ಟಿಗೆ ಒಳ್ಳೆಯ ಉತ್ತರವಿದೆ. 1978ರ ಕಾನೂನಿನ ಪ್ರಕಾರ ಜ್ಯೂರಿ ಸೇವೆಯ ಕಾರಣಕ್ಕೆ ಕಾಯಂ ನೌಕರರನ್ನು ತೆಗೆಯುವುದು, ತೆಗೆಯುತ್ತೇವೆಂದು ಹೆದರಿಸುವುದು, ಒತ್ತಡ ಹಾಕುವುದು ಮೂರೂ ತಪ್ಪು. ಒಂದೊಂದು ಉಲ್ಲಂಘನೆಗೆ 5,000 ಡಾಲರ್‌ವರೆಗೆ ದಂಡವಿದೆ, ತೆಗೆದಿದ್ದರೆ ಹಿರಿತನ ಕಳೆಯದೆ ವಾಪಸ್ ತೆಗೆದುಕೊಳ್ಳಬೇಕು, ದೂರಿನಲ್ಲಿ ಹುರುಳಿದ್ದರೆ ಕೋರ್ಟೇ ವಕೀಲರನ್ನು ನೇಮಿಸುತ್ತದೆ. ‘ಕಾಯಂ’ ಎಂಬ ಪದವನ್ನು ಗಮನಿಸಿ. ಕಾಂಟ್ರಾಕ್ಟ್ ಮೇಲೆ ಇರುವವರು ಇದನ್ನೇ ನಂಬಿ ಕೂರುವಂತಿಲ್ಲ. ಮ್ಯಾನೇಜರ್ ಗೊಣಗಿದರೆ ವಾದಕ್ಕಿಳಿಯದೆ ಜ್ಯೂರಿ ಕಚೇರಿಗೆ ತಿಳಿಸಿ.

‘ನೀವು ಜ್ಯೂರಿಗೆ ಬರಲಿಲ್ಲ, ವಾರಂಟ್ ಆಗಿದೆ, ಈಗಲೇ ದುಡ್ಡು ಕಟ್ಟಿ’ ಎಂದು ಫೋನ್ ಬಂದರೆ ಅದು ಮೋಸ. ಕೋರ್ಟು ಫೋನಿನಲ್ಲಿ ಗಿಫ್ಟ್ ಕಾರ್ಡನ್ನೂ ಕೇಳುವುದಿಲ್ಲ, ಸೋಶಿಯಲ್ ಸೆಕ್ಯುರಿಟಿ ನಂಬರನ್ನೂ ಕೇಳುವುದಿಲ್ಲ.

ಸೇವೆ ಮುಗಿದ ಕೆಲವು ವಾರಕ್ಕೆ ಬರುವ ಚೆಕ್ ತೆರಿಗೆಗೆ ಒಳಪಟ್ಟ ಆದಾಯ. ರಿಟರ್ನಿನ ಶೆಡ್ಯೂಲ್ 1ರಲ್ಲಿ 8ಎಚ್ ಸಾಲಿನಲ್ಲಿ ತೋರಿಸಬೇಕು. ಸಂಬಳ ಕೊಟ್ಟಿದ್ದಕ್ಕೆ ಬದಲಾಗಿ ಆ ದುಡ್ಡನ್ನು ಕಂಪನಿಗೆ ಒಪ್ಪಿಸಿದ್ದರೆ ಅದೇ ಮೊತ್ತವನ್ನು 24ಎ ಸಾಲಿನಲ್ಲಿ ಕಳೆಯಬಹುದು. ಈ ಎರಡನೆಯ ಸಾಲು ಮರೆತವರು ಕೈಯಲ್ಲಿ ಉಳಿಯದ ದುಡ್ಡಿಗೂ ತೆರಿಗೆ ಕಟ್ಟುತ್ತಾರೆ. ಕಂಪನಿಗೆ ಒಪ್ಪಿಸಿದ್ದಕ್ಕೆ ರಸೀದಿಯೋ ಪೇ ಸ್ಲಿಪ್ಪೋ ಏನಾದರೂ ಒಂದು ಕಾಗದವನ್ನು ಹಾಜರಾತಿ ಪತ್ರದ ಜೊತೆಗೇ ಇಟ್ಟುಕೊಳ್ಳಿ.