ಮೊಚೀಲಾದೊಳಗೊಂದು ಚೀಲ: 2 ಡಾಲರಿನ ಸ್ಪ್ಯಾನಿಷ್ ಪಠ್ಯಪುಸ್ತಕ

ಟೆಕ್ಸಾಸಿನ ಇರ್ವಿಂಗ್‌ನಲ್ಲಿ ಔಷಧಿ ಅಂಗಡಿಯ ಕೌಂಟರು ನೋಡಿಕೊಳ್ಳುವ ಕೆಲಸ ನನ್ನದು. ಬರುವವರಲ್ಲಿ ಸ್ಪ್ಯಾನಿಷ್ ಮಾತಾಡುವವರು ಬಹಳ. ಮೊದಲು ಫೋನಿನ ಆ್ಯಪ್‌ನಲ್ಲಿ ಮೂರು ತಿಂಗಳು ಗುಬ್ಬಿಯ ಹಾಗೆ ಪದ ಹೆಕ್ಕಿದೆ. ಬಾಯಿ ತೆರೆದರೆ ಒಂದು ವಾಕ್ಯ ಹುಟ್ಟಲಿಲ್ಲ. ಆಮೇಲೆ ಲೈಬ್ರರಿಯವರು ಹಳೇ ಪುಸ್ತಕ ಮಾರುವ ದಿನ ಹೈಸ್ಕೂಲು ಮೊದಲ ವರ್ಷದ ಪಠ್ಯಪುಸ್ತಕ 2 ಡಾಲರಿಗೆ, ವರ್ಕ್‌ಬುಕ್ 1 ಡಾಲರಿಗೆ ಸಿಕ್ಕಿದವು. 46ನೇ ವಯಸ್ಸಿನಲ್ಲಿ ಒಂಬತ್ತನೇ ಕ್ಲಾಸಿಗೆ ಸೇರಿದೆ.

ಪುಸ್ತಕ 1990ರ ದಶಕದ್ದು. ಅಕ್ಷರಮಾಲೆಯಲ್ಲಿ 'ಚೆ' (ch), 'ಎಯೆ' (ll) ಇನ್ನೂ ಬೇರೆ ಅಕ್ಷರಗಳು. 2010ರಲ್ಲಿ ಅವನ್ನು ಕೈಬಿಟ್ಟು 27ಕ್ಕೆ ಇಳಿಸಿದ್ದಾರೆ. ಅದರಿಂದ ನನಗೇನೂ ನಷ್ಟವಾಗಲಿಲ್ಲ. ಮೊದಲ ಪಾಠವೇ ತರಗತಿಯ ಸಾಮಾನು. ಪೆನ್ಸಿಲ್ ಮೆಂಡರಿಗೆ 'ಸಾಕಾಪುಂತಾಸ್', ಶಾಲೆಯ ಬ್ಯಾಗಿಗೆ 'ಮೊಚೀಲಾ'. ಒಳಗೇ ಚೀಲ ಇದೆ, ಮರೆಯುವುದು ಹೇಗೆ? ಆದರೆ ಮೆಂಡರ್ ಕಟ್ಟಿಕೊಂಡು ನಾನೇನು ಮಾಡಲಿ! ಕೆಮ್ಮು, ಮಾತ್ರೆ, ವಿಮೆ ಇಂಥ ಮಾತು ಬೇಕಿದ್ದವಳಿಗೆ ಎರಡನೇ ಪೀರಿಯಡ್ಡಿನಲ್ಲಿ ಯಾವ ಪಾಠ ಎಂದು ಕೇಳುವುದನ್ನು ನಾಲ್ಕು ವಾರ ಕಲಿಸಿತು.

ಆದರೂ ಬಿಡಲಿಲ್ಲ, ಕಾರಣ ಅದರ ನಿಧಾನ. ಒಂದು ಕ್ರಿಯಾಪದವನ್ನು ಹತ್ತು ಕಡೆಯಿಂದ ತಿರುಗಿಸಿ ಬರೆಸುತ್ತದೆ. ಬೆಳಿಗ್ಗೆ ದೋಸೆ ಹೊಯ್ಯುತ್ತ 'ಆಬ್ಲೊ, ಆಬ್ಲಾಸ್, ಆಬ್ಲಾ' (ಮಾತಾಡುತ್ತೇನೆ, ಮಾತಾಡುತ್ತೀಯ, ಮಾತಾಡುತ್ತಾನೆ) ಎಂದು ಮಗ್ಗಿ ಹೇಳಿದ ಹಾಗೆ ಹೇಳಿಕೊಳ್ಳುತ್ತಿದ್ದೆ. ಅಂಕಿಗಳ ಪಾಠ ಬಂದಾಗ ಮಾತ್ರ ಬೆಚ್ಚಿಬಿದ್ದೆ. 'ಒನ್ಸೆ' ಎಂದರೆ 11. ಔಷಧಿ ಡಬ್ಬಿಯ ಮೇಲೆ ಇಂಗ್ಲಿಷಿನಲ್ಲಿ 'ಒನ್ಸ್ ಎ ಡೇ' ಎಂದು ಇರುತ್ತದಲ್ಲ, ಆ 'ಒನ್ಸ್'ಗೂ ಇದಕ್ಕೂ ಅಕ್ಷರ ಅವೇ ನಾಲ್ಕು. ಸ್ಪ್ಯಾನಿಷ್ ಮಾತ್ರ ಬಲ್ಲವರು ಓದಿದರೆ ದಿನಕ್ಕೆ ಹನ್ನೊಂದು! ಈಗ ಬಿಪಿ ಮಾತ್ರೆ ಕೊಡುವಾಗ ಒಂದು ಬೆರಳೆತ್ತಿ 'ಉನಾ ಬೆಸ್ ಅಲ್ ದಿಯಾ' ಎಂದು ಹೇಳಿಯೇ ಕೊಡುತ್ತೇನೆ.

ನಮ್ಮವರಿಗೆ ಒಂದು ಮಾತು: ಇಂಗ್ಲಿಷ್ ವಿವರಣೆಯನ್ನು ಹಲವು ಕಡೆ ಓದದಿರುವುದೇ ಒಳ್ಳೆಯದು. 'ಮೆ ಗುಸ್ತಾ ಎಲ್ ಕಫೆ' ಎಂಬ ಮೂರು ಕಾಸಿನ ವಾಕ್ಯಕ್ಕೆ ಅರ್ಧ ಪುಟ ಸರ್ಕಸ್ಸು: ಕಾಫಿಯೇ ಕರ್ತೃ, ಅದು ನನ್ನನ್ನು ಮೆಚ್ಚಿಸುತ್ತದೆ, ಇತ್ಯಾದಿ. 'ನನಗೆ ಕಾಫಿ ಇಷ್ಟ' ಅಂದುಕೊಳ್ಳಿ, ಮುಗಿಯಿತು. 'ಮೆ ದುಯೆಲೆ ಲಾ ಕಬೇಸಾ' ಅಂದರೆ 'ನನಗೆ ತಲೆ ನೋಯುತ್ತದೆ'. ಅದೇ ಚತುರ್ಥಿ ವಿಭಕ್ತಿ. ತ, ದ ಕೂಡ ನಮ್ಮ ಹಲ್ಲಿನ ತ, ದಗಳೇ. ಮೇಜು ಯಾಕೆ ಸ್ತ್ರೀಲಿಂಗ, ನಕಾಶೆ ಯಾಕೆ ಪುಲ್ಲಿಂಗ ಎಂಬಲ್ಲಿ ಮಾತ್ರ ಕನ್ನಡ ಕೈಕೊಡುತ್ತದೆ. ಉರು ಹೊಡೆಯಬೇಕು.

ದೊಡ್ಡ ತೊಂದರೆ, ಅರ್ಧಕ್ಕರ್ಧ ಅಭ್ಯಾಸಗಳು 'ಪಕ್ಕದ ಗೆಳೆಯನನ್ನು ಕೇಳಿ' ಎಂದೇ ಶುರುವಾಗುತ್ತವೆ. ನನ್ನ ಪಕ್ಕದಲ್ಲಿ ಫ್ರಿಜ್ ಇತ್ತು. ಉತ್ತರಗಳೆಲ್ಲ ಶಿಕ್ಷಕರ ಪ್ರತಿಯಲ್ಲಿ. ಅದಕ್ಕೆ ಬೇರೆ 14 ಡಾಲರ್ ತೆತ್ತೆ. ಅದು ಬರುವವರೆಗೆ ಕಾಪಾಡಿದ್ದು ವರ್ಕ್‌ಬುಕ್ಕಿನ ಹಿಂದಿನ ಒಡೆಯ. ಯಾವುದೋ ಹುಡುಗ ಪೆನ್ಸಿಲಿನಲ್ಲಿ ಬರೆದಿಟ್ಟ ಉತ್ತರಗಳಲ್ಲಿ ಮುಕ್ಕಾಲು ಪಾಲು ತಪ್ಪು. ಅವನ್ನು ತಿದ್ದುತ್ತ ಕಲಿತಷ್ಟು ಪಾಠದಿಂದಲೂ ಕಲಿಯಲಿಲ್ಲ.

ಮಕ್ಕಳಿಗೆಂದು ಬರೆದದ್ದಲ್ಲವೇ, ಪುಸ್ತಕದಲ್ಲಿ ಎಲ್ಲರೂ ಎಲ್ಲರಿಗೂ ಏಕವಚನ. ಅದನ್ನೇ ನಂಬಿ ಎಂಬತ್ತು ದಾಟಿದ ಅಜ್ಜರೊಬ್ಬರಿಗೆ 'ತೋಮಾ' ಅಂದುಬಿಟ್ಟೆ, 'ತಗೋ' ಅಂದ ಹಾಗೆ. ಹೇಳಬೇಕಿದ್ದದ್ದು 'ತೋಮೆ', ತಗೊಳ್ಳಿ. ಅಜ್ಜ ನಕ್ಕು, ನನ್ನನ್ನು 'ಮೀಹಾ', ಮಗಳೇ, ಎಂದು ಕರೆದು ತಾವೇ ತಿದ್ದಿದರು. ಆ 'ಮೀಹಾ' ಪುಸ್ತಕದ ಯಾವ ಪುಟದಲ್ಲೂ ಇಲ್ಲ.

ಐದಕ್ಕೆ ಮೂರೂವರೆ ನಕ್ಷತ್ರ. ಕೊಳ್ಳುವುದಾದರೆ ಶಿಕ್ಷಕರ ಪ್ರತಿಯನ್ನೂ ಜೊತೆಗೇ ಕೊಳ್ಳಿ. ಎರಡನೇ ವರ್ಷದ ಪುಸ್ತಕ ಮೊನ್ನೆ ಸಿಕ್ಕಿದೆ. 'ಮಾತಾಡಿದೆ', 'ಮಾತಾಡುತ್ತಿದ್ದೆ' ಎರಡಕ್ಕೂ ಬೇರೆ ಬೇರೆ ಭೂತಕಾಲವಂತೆ. ವರ್ಕ್‌ಬುಕ್ ಖಾಲಿ ಇದೆ, ಆ ಹುಡುಗನ ಪೆನ್ಸಿಲ್ ಗುರುತು ಒಂದೂ ಇಲ್ಲ.