ಹೊಸ ಕ್ರಿಮಿನಲ್ ಕಾನೂನುಗಳ ಕನ್ನಡ ಕೈಪಿಡಿ: ವಿವರಣೆ ಚೆನ್ನ, ಅನುಸೂಚಿ ಮಾತ್ರ ನಾಪತ್ತೆ

2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಮತ್ತು ಭಾರತೀಯ ಸಾಕ್ಷ್ಯ ಅಧಿನಿಯಮಗಳು ಜಾರಿಗೆ ಬಂದವು. ಅವನ್ನು ಕನ್ನಡದಲ್ಲಿ ಪರಿಚಯಿಸುವ ಕೈಪಿಡಿಯೊಂದನ್ನು ನ್ಯಾಯಾಲಯದ ಬಳಿಯ ಕಾನೂನು ಪುಸ್ತಕದಂಗಡಿಯಲ್ಲಿ ₹350 ಕೊಟ್ಟು ಕೊಂಡೆ. ವಕೀಲರಲ್ಲದವರಿಗಾಗಿ ಬರೆದದ್ದು ಎಂದು ಮುಖಪುಟವೇ ಹೇಳುತ್ತದೆ. ಪತ್ರಿಕೆಗೆ ಬರುವ ಅಪರಾಧ ವರದಿಗಳನ್ನು ತಿದ್ದುವುದು ನನ್ನ ಕೆಲಸವಾದ್ದರಿಂದ, ಓದಿ ಮುಗಿಸುವ ಪುಸ್ತಕವಾಗಿ ಅಲ್ಲದೆ, ಅನುಮಾನ ಬಂದಾಗಲೆಲ್ಲ ತೆರೆದು ನೋಡುವ ಆಕರವಾಗಿ ಇದನ್ನು ಬಳಸಿದ್ದೇನೆ.

ಪುಸ್ತಕದ ಅತ್ಯುತ್ತಮ ಭಾಗವೆಂದರೆ ಅಪರಾಧದಲ್ಲಿ ಕೃತ್ಯಕ್ಕೂ ಮನಸ್ಸಿಗೂ ಇರುವ ಸಂಬಂಧವನ್ನು ವಿವರಿಸುವ ಅಧ್ಯಾಯ. ಲ್ಯಾಟಿನ್ ಸೂತ್ರಗಳನ್ನು ಉರು ಹೊಡೆಸುವ ಬದಲು, ಒಬ್ಬ ವ್ಯಕ್ತಿಯ ಸಾವು ಎಂಬ ಒಂದೇ ಪರಿಣಾಮವನ್ನು ಎದುರಿಗಿಟ್ಟುಕೊಂಡು, ಅದಕ್ಕೆ ಕಾರಣನಾದವನ ಮನಃಸ್ಥಿತಿ ಬದಲಾದಂತೆ ಕಲಂ ಹೇಗೆ ಬದಲಾಗುತ್ತದೆ ಎಂಬುದನ್ನು ಲೇಖಕರು ತಾಳ್ಮೆಯಿಂದ ತೋರಿಸುತ್ತಾರೆ. ಕೊಲ್ಲಬೇಕೆಂಬ ಉದ್ದೇಶದಿಂದಲೇ ಹೊಡೆದಿದ್ದು, ಯಾವ ವಿನಾಯಿತಿಯೂ ಅನ್ವಯಿಸದಿದ್ದರೆ ಅದು ಕೊಲೆ. ಶಿಕ್ಷೆ ನ್ಯಾಯ ಸಂಹಿತೆಯ 103ನೇ ಕಲಂನಲ್ಲಿದೆ. ಹಠಾತ್ತನೆ ಬಂದ ಗಂಭೀರ ಪ್ರಚೋದನೆಯಿಂದ ಸ್ವನಿಯಂತ್ರಣ ತಪ್ಪಿ ಹೊಡೆದಿದ್ದರೆ, ಅದೇ ಸಾವು ಕೊಲೆಗೆ ಸಮವಲ್ಲದ ದಂಡನೀಯ ನರಹತ್ಯೆಯಾಗಿ 105ನೇ ಕಲಂಗೆ ಇಳಿಯಬಹುದು. ಉದ್ದೇಶವೂ ಇಲ್ಲದೆ, ಸಾವು ಸಂಭವಿಸೀತೆಂಬ ಅರಿವೂ ಇಲ್ಲದೆ, ದುಡುಕು ಅಥವಾ ನಿರ್ಲಕ್ಷ್ಯದಿಂದ ಜೀವ ಹೋಗಿದ್ದರೆ 106ನೇ ಕಲಂ ಅನ್ವಯಿಸುತ್ತದೆ; ಹಳೆಯ ದಂಡ ಸಂಹಿತೆಯ 304ಎ ಅಡಿಯಲ್ಲಿ ಎರಡು ವರ್ಷವಿದ್ದ ಗರಿಷ್ಠ ಸೆರೆವಾಸ ಇಲ್ಲಿ ಸಾಮಾನ್ಯವಾಗಿ ಐದು ವರ್ಷಕ್ಕೇರಿದೆ. ಅಪಘಾತದ ಸುದ್ದಿಗೆ ‘ಕೊಲೆ ಪ್ರಕರಣ ದಾಖಲು’ ಎಂದು ತಲೆಬರಹ ಕೊಡುವ ವರದಿಗಾರರಿಗೆ ಈ ಒಂದು ಅಧ್ಯಾಯವನ್ನಾದರೂ ಓದಿಸಬೇಕು.

ಹಳೆಯ ಮತ್ತು ಹೊಸ ಕಲಂಗಳ ಹೋಲಿಕೆ ಪಟ್ಟಿಯೂ ನಿಜಕ್ಕೂ ಉಪಯುಕ್ತ. 511 ಕಲಂಗಳ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ 358 ಕಲಂಗಳ ನ್ಯಾಯ ಸಂಹಿತೆ ಬಂದಿರುವುದರಿಂದ ಆಡುಮಾತಿಗೂ ಇಳಿದಿದ್ದ 420 ಈಗ 318(4) ಆಗಿದೆ, ಕಳ್ಳತನದ 379 ಈಗ 303(2) ಆಗಿದೆ. 2024ರ ಜುಲೈ 1ಕ್ಕಿಂತ ಮೊದಲು ನಡೆದ ಅಪರಾಧಗಳಿಗೆ ಹಳೆಯ ದಂಡ ಸಂಹಿತೆಯೇ ಅನ್ವಯಿಸುವುದರಿಂದ ಈ ಪಟ್ಟಿ ಇನ್ನೂ ಹಲವು ವರ್ಷ ಕೆಲಸಕ್ಕೆ ಬರುತ್ತದೆ.

ಇಷ್ಟೆಲ್ಲ ಇದ್ದೂ, ತನಿಖೆ ಮತ್ತು ವಿಚಾರಣೆಯ ವಿಧಾನವನ್ನು ಹೇಳುವ ನಾಗರಿಕ ಸುರಕ್ಷಾ ಸಂಹಿತೆಯ ಮೊದಲನೆಯ ಅನುಸೂಚಿಯನ್ನು (ಕೊನೆಯಲ್ಲಿ ಸೇರಿಸಿರುವ ಪಟ್ಟಿಯನ್ನು) ಲೇಖಕರು ಪೂರ್ತಿಯಾಗಿ ಕೈಬಿಟ್ಟಿರುವುದು ನನ್ನ ಮಟ್ಟಿಗೆ ಕ್ಷಮಿಸಲಾಗದ ಲೋಪ. ಯಾವ ಅಪರಾಧ ಸಂಜ್ಞೇಯ, ಯಾವುದು ಅಸಂಜ್ಞೇಯ, ಯಾವುದಕ್ಕೆ ಜಾಮೀನು ಹಕ್ಕಾಗಿ ಸಿಗುತ್ತದೆ, ಯಾವುದಕ್ಕೆ ನ್ಯಾಯಾಲಯದ ವಿವೇಚನೆ ಬೇಕು, ಯಾವ ನ್ಯಾಯಾಲಯ ವಿಚಾರಣೆ ನಡೆಸಬೇಕು ಎಂಬುದನ್ನೆಲ್ಲ ಸಾಲುಸಾಲಾಗಿ ಹೇಳುವುದು ಆ ಅನುಸೂಚಿಯೇ. ಠಾಣೆಯ ಮೆಟ್ಟಿಲು ಹತ್ತಿದ ಸಾಮಾನ್ಯನಿಗೆ ಮೊದಲು ಬೇಕಾಗುವುದು ಅಪರಾಧದ ವ್ಯಾಖ್ಯೆಯಲ್ಲ, ಈ ಮಾಹಿತಿ. ಸಂಜ್ಞೇಯ ಅಪರಾಧವಾದರೆ ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದು, ಮ್ಯಾಜಿಸ್ಟ್ರೇಟರ ಆದೇಶಕ್ಕೆ ಕಾಯದೆ ತನಿಖೆ ಆರಂಭಿಸಬಹುದು. ಅಸಂಜ್ಞೇಯವಾದರೆ ಆದೇಶವಿಲ್ಲದೆ ತನಿಖೆಯೇ ಇಲ್ಲ. ಕೈಪಿಡಿ ಈ ವ್ಯತ್ಯಾಸವನ್ನು ಎರಡು ವಾಕ್ಯಗಳಲ್ಲಿ ಹೇಳಿ, ಕಳ್ಳತನವನ್ನು ಸಂಜ್ಞೇಯ ಅಪರಾಧದ ಉದಾಹರಣೆಯಾಗಿ ಕೊಟ್ಟು ಮುಂದೆ ಸಾಗುತ್ತದೆ. ಆದರೆ ಕದ್ದ ವಸ್ತುವಿನ ಮೌಲ್ಯ ₹5,000ಕ್ಕಿಂತ ಕಡಿಮೆಯಿದ್ದು, ಮೊದಲ ಬಾರಿ ಶಿಕ್ಷೆಗೊಳಗಾಗುವವನು ಅದನ್ನು ಹಿಂದಿರುಗಿಸಿದರೆ ಸಮುದಾಯ ಸೇವೆಯೇ ಶಿಕ್ಷೆ ಎಂದು ಹೊಸ ಕಾನೂನು ಹೇಳುತ್ತದೆ. ಅಂಥ ಸಣ್ಣ ಕಳ್ಳತನವನ್ನು ಅನುಸೂಚಿ ಅಸಂಜ್ಞೇಯ ಮತ್ತು ಜಾಮೀನೀಯ ಎಂದು ವರ್ಗೀಕರಿಸಿದೆ. ಅನುಸೂಚಿಯನ್ನು ಮುದ್ರಿಸಿದ್ದರೆ ಇದು ಓದುಗನ ಕಣ್ಣಿಗೆ ತಾನಾಗಿಯೇ ಬೀಳುತ್ತಿತ್ತು.

ಪ್ರಥಮ ವರ್ತಮಾನ ವರದಿಯ (ಎಫ್‌ಐಆರ್) ಅಧ್ಯಾಯ ಇದಕ್ಕಿಂತ ಮೇಲು. ಘಟನೆ ಯಾವ ಠಾಣೆಯ ವ್ಯಾಪ್ತಿಯಲ್ಲಿ ನಡೆದಿದ್ದರೂ ಸಂಜ್ಞೇಯ ಅಪರಾಧದ ಮಾಹಿತಿಯನ್ನು ಯಾವುದೇ ಠಾಣೆಯಲ್ಲಿ ಕೊಡಬಹುದು, ಇ-ಮಾಧ್ಯಮದ ಮೂಲಕ ಕೊಟ್ಟರೆ ಮೂರು ದಿನಗಳೊಳಗೆ ಸಹಿ ಹಾಕಬೇಕು, ದೂರುದಾರರಿಗೆ ಪ್ರತಿಯನ್ನು ಉಚಿತವಾಗಿ ಕೊಡಬೇಕು ಎಂಬ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂನ ಅಂಶಗಳೆಲ್ಲ ಸ್ಪಷ್ಟವಾಗಿವೆ. ತನಿಖೆ 60 ಅಥವಾ 90 ದಿನಗಳಲ್ಲಿ ಮುಗಿಯದಿದ್ದಾಗ ಸಿಗುವ ಜಾಮೀನನ್ನು ಖುಲಾಸೆ ಎಂದು ತಿಳಿಯಬಾರದು ಎಂಬ ಎಚ್ಚರಿಕೆಯೂ ಸಮಯೋಚಿತವಾಗಿದೆ. ಸಾಕ್ಷ್ಯ ಅಧಿನಿಯಮಕ್ಕೆ ಮೀಸಲಿಟ್ಟಿರುವ ಪುಟಗಳಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ.

ಕಾಗದ ಮತ್ತು ಹೊಲಿಗೆ ಗಟ್ಟಿಯಾಗಿವೆ, ಅಕ್ಷರದ ಗಾತ್ರ ವಯಸ್ಸಾದವರಿಗೂ ಒಗ್ಗುವಂತಿದೆ, ಪದಸೂಚಿ ಇಲ್ಲ. ಪತ್ರಿಕೋದ್ಯಮದ ವಿದ್ಯಾರ್ಥಿಗಳು ಮತ್ತು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಧಾರಾಳವಾಗಿ ಕೊಳ್ಳಬಹುದು. ಸ್ವಂತ ಪ್ರಕರಣವೊಂದರ ಸಲುವಾಗಿ ಮಾಹಿತಿ ಹುಡುಕುತ್ತಿರುವವರು ಮಾತ್ರ ಇದೊಂದನ್ನೇ ನೆಚ್ಚಿಕೊಳ್ಳದೆ, ಇಂಡಿಯಾ ಕೋಡ್ ಜಾಲತಾಣದಲ್ಲಿ ಉಚಿತವಾಗಿ ಸಿಗುವ ನಾಗರಿಕ ಸುರಕ್ಷಾ ಸಂಹಿತೆಯ ಮೂಲಪಠ್ಯದಿಂದ ಮೊದಲನೆಯ ಅನುಸೂಚಿಯನ್ನು ಮುದ್ರಿಸಿಕೊಂಡು ಪುಸ್ತಕದೊಳಗೆ ಇಟ್ಟುಕೊಳ್ಳುವುದು ಒಳ್ಳೆಯದು.