ತೊಟ್ಟಿಲಿಗೆ ಉಪ್ಪುಕಾಗದ ಹಚ್ಚುವ ಮುಂಚೆ

ನಿಮ್ಮ ಅಟ್ಟದ ಮೇಲೆ ಹಳೇ ತೊಟ್ಟಿಲೋ, ಮಂಚವೋ, ಕಪಾಟೋ ಇದೆಯೇ? ಯಾರೋ ಎಂದೋ ಅದಕ್ಕೆ ಎಣ್ಣೆಬಣ್ಣ ಬಳಿದಿದ್ದಾರೆಯೇ? ಅದನ್ನು ಕೆರೆದು ತೆಗೆದು ಒಳಗಿನ ಸಾಗವಾನಿ ಹೊಳೆಯುವ ಹಾಗೆ ಮಾಡಬೇಕು ಅಂತ ಹುರುಪು ಬಂದಿದೆಯೇ? ಹಾಗಿದ್ದರೆ ಮಷೀನು ಕೈಗೆತ್ತಿಕೊಳ್ಳುವ ಮುಂಚೆ ಇದನ್ನು ಓದಿ. ನಾನು ಏನನ್ನೂ ಓದಿರಲಿಲ್ಲ. ಫೋನಿನಲ್ಲಿ ಎಂಟು-ಹತ್ತು ವಿಡಿಯೊ ನೋಡಿದ್ದೆ, ಅಷ್ಟೇ. ಅವುಗಳಲ್ಲಿ ಮುಖಕ್ಕೆ ಬಟ್ಟೆ ಕೂಡ ಕಟ್ಟಿಕೊಳ್ಳದ ಹುಡುಗರು ಅರ್ಧ ನಿಮಿಷದಲ್ಲಿ ಇಡೀ ಮಂಚ ಬೆಳ್ಳಗೆ ಮಾಡಿ ತೋರಿಸುತ್ತಿದ್ದರು.

ನಮ್ಮದು ಹುಬ್ಬಳ್ಳಿ. ಮಗಳು ಚೊಚ್ಚಲ ಹೆರಿಗೆಗೆ ಬಂದಿದ್ದಳು, ಕುಬಸ ಮುಗಿದು ಏಳು ತಿಂಗಳು ತುಂಬಿತ್ತು. ಮನೆಯಲ್ಲಿ ಒಂದು ತೊಟ್ಟಿಲಿದೆ. ನನ್ನ ಅಪ್ಪ ಹುಟ್ಟಿದಾಗ ಅಜ್ಜಿಯ ತವರಿನವರು ಕಲಘಟಗಿಯಿಂದ ಚಕ್ಕಡಿಯಲ್ಲಿ ಹೇರಿಕೊಂಡು ಬಂದು ಕೊಟ್ಟದ್ದು. ಅಪ್ಪ, ಮೂವರು ಅತ್ತೆಯರು, ನಾನು, ತಮ್ಮ, ನನ್ನ ಮಗಳು ಎಲ್ಲರೂ ಅದರಲ್ಲೇ ಮಲಗಿದವರು. ನನಗೆ ನೆನಪಿದ್ದಾಗಿನಿಂದ ಅದು ಹಸಿರು. ಬಾಗಿಲು-ಕಿಟಕಿಗೆ ಬಣ್ಣ ಬಳಿದು ಡಬ್ಬಿಯಲ್ಲಿ ಉಳಿದದ್ದನ್ನು ತೊಟ್ಟಿಲಿಗೆ ಹಚ್ಚುವುದು ನಮ್ಮ ಮನೆಯ ಪದ್ಧತಿ. ಹಾಗಾಗಿ ಹಸಿರಿನ ಮೇಲೆ ಹಸಿರು, ಅದರ ಮೇಲೆ ಇನ್ನೊಂದು ಹಸಿರು. ಒಂದು ಕಾಲಿನ ಕೀಲು ಸಡಿಲಾಗಿತ್ತು, ಎರಡು ಕಡೆ ಬಣ್ಣ ಚಕ್ಕೆ ಎದ್ದಿತ್ತು. ಮೊಮ್ಮಗು ಬರುವುದರೊಳಗೆ ಇದನ್ನು ಹೊಸದರ ಹಾಗೆ ಮಾಡುತ್ತೇನೆ ಅಂತ ಹೊರಟೆ. ರಿಟೈರ್ ಆದವನ ಕೈಗೆ ಕೆಲಸ ಬೇಕಿತ್ತು ಅನ್ನುವುದೂ ನಿಜ.

ಕೀಲಿನ ಕೆಲಸ ಸರಿಯಾಗಿಯೇ ಆಯಿತು. ಹಳೇ ಸರೇಸನ್ನು ಬಿಸಿನೀರಿನ ಬಟ್ಟೆ ಇಟ್ಟು ಮೆತ್ತಗೆ ಮಾಡಿ, ಕೆರೆದು, ಹೊಸ ಗೋಂದು ಹಾಕಿ, ಹಗ್ಗ ಬಿಗಿದು ಒಂದು ದಿನ ಬಿಟ್ಟೆ. ಅಲ್ಲಿಗೇ ನಿಲ್ಲಿಸಿದ್ದರೆ ಈ ಬರಹ ಇರುತ್ತಿರಲಿಲ್ಲ.

ಆನ್‌ಲೈನಿನಲ್ಲಿ ಸಣ್ಣ ಸ್ಯಾಂಡರ್, ಅಂದರೆ ಉಪ್ಪುಕಾಗದ ಸಿಕ್ಕಿಸಿ ಉಜ್ಜುವ ಮಷೀನು, ತರಿಸಿದೆ. 80 ನಂಬರಿನ ಕಾಗದ ಸಿಕ್ಕಿಸಿ, ಮಾಳಿಗೆ ಮೇಲೆ ತೊಟ್ಟಿಲು ಇಟ್ಟುಕೊಂಡು ಶುರು ಮಾಡಿದೆ. ಏಪ್ರಿಲ್ ತಿಂಗಳು. ನನ್ನಿಂದ ಹತ್ತು ಹೆಜ್ಜೆ ಆಚೆ ಹೆಂಡತಿ ಶಾವಿಗೆ ಒಣಹಾಕಿದ್ದಳು, ಅದರಾಚೆ ಚಾಪೆ ತುಂಬ ಬ್ಯಾಡಗಿ ಮೆಣಸಿನಕಾಯಿ. ತಮ್ಮನ ಮೊಮ್ಮಗ, ಎರಡು ವರ್ಷದವನು, ‘ದೊಡ್ಡಜ್ಜಾ, ಗುಂಯ್’ ಅನ್ನುತ್ತ ನನ್ನ ಸುತ್ತಲೇ ಓಡಾಡುತ್ತಿದ್ದ. ಬಣ್ಣ ಹಿಟ್ಟಿನಂತೆ ಉದುರಿತು, ಎಷ್ಟು ನುಣುಪು ಅಂದರೆ ಅಕ್ಕಿಹಿಟ್ಟು. ಹುಡುಗ ಅದರಲ್ಲಿ ಅಂಗೈ ಊರಿ ಗೋಡೆಗೆ ಹಸಿರು ಛಾಪು ಒತ್ತಿದ. ನಾವೆಲ್ಲ ನಕ್ಕೆವು, ಮಗಳು ಫೋಟೊ ತೆಗೆದಳು. ಆ ಫೋಟೊ ಈಗಲೂ ನನ್ನ ಫೋನಿನಲ್ಲಿದೆ, ಅಳಿಸಿಲ್ಲ.

ಹಸಿರಿನ ಕೆಳಗೆ ಬಿಳಿ ಬಂತು, ಬಿಳಿಯ ಕೆಳಗೆ ಅಲ್ಲಲ್ಲಿ ಕೆಂಪು, ಹಳದಿ. ಪ್ರೈಮರ್ ಇರಬೇಕು ಅಂದುಕೊಂಡು ಅದನ್ನೂ ಉಜ್ಜಿ ತೆಗೆದೆ. ಮೂರು ದಿನದಲ್ಲಿ ಮೂರು ಬದಿ ಬೋಳಾಯಿತು, ಸಾಗವಾನಿಯ ಎಳೆ ಕಂಡಿತು, ಎದೆ ಉಬ್ಬಿತು. ನಾಲ್ಕನೇ ಬದಿಯ ಮೂಲೆಗೆ ಮಷೀನು ಹೋಗದು. ಚಾಕುವಿನ ತುದಿಯಿಂದ ಕೆರೆದೆ. ಹಸಿರು ಚಕ್ಕೆ ಹಪ್ಪಳದ ಹಾಗೆ ಎದ್ದು ಬಂತು. ಅದರಡಿ ಒಂದು ನವಿಲಿನ ಕುತ್ತಿಗೆ ಮತ್ತು ಒಂದು ಕಣ್ಣು.

ನಾನು ಹಾಗೇ ಕೂತೆ. ಕಲಘಟಗಿ ತೊಟ್ಟಿಲು ಅಂದರೇ ಚಿತ್ರದ ತೊಟ್ಟಿಲು. ಅರಗಿನ ಬಣ್ಣದಲ್ಲಿ ರಾಮಾಯಣದ್ದು, ಕೃಷ್ಣನ ಬಾಲಲೀಲೆಯದ್ದು ಚಿತ್ರ ಬರೆದು ಕೊಡುವ ಚಿತ್ರಗಾರ ಮನೆತನದವರ ಕೆಲಸ ಅದು. ಧಾರವಾಡ ಜಿಲ್ಲೆಯಲ್ಲಿ ಬೆಳೆದ ನನಗೆ ಇದು ಗೊತ್ತಿಲ್ಲ ಅಂತ ಹೇಗೆ ಹೇಳಲಿ? ನಮ್ಮ ಮನೆಯ ತೊಟ್ಟಿಲು ಮಾತ್ರ ಬರೀ ಹಸಿರು ತೊಟ್ಟಿಲು ಅಂತ ನಂಬಿದ್ದೆ. ಎಂಬತ್ತು ದಾಟಿದ ಸೋದರತ್ತೆಗೆ ಫೋನ್ ಮಾಡಿದೆ. “ಕಾಳಿಂಗಮರ್ದನ ಇತ್ತಲ್ಲೋ ತಲಿ ಕಡೆ. ಹೊಗಿ ಹಿಡದು ಕರ್ರಗಾಗೇತಿ ಅಂತ ನಿಮ್ಮಜ್ಜನs ಬಣ್ಣ ಬಳಿಸಿದ. ನೀ ಕೇಳಿದ್ರ ಹೇಳತಿದ್ದೆ” ಅಂದಳು.

ಅಷ್ಟಕ್ಕೇ ಬುದ್ಧಿ ಬರಲಿಲ್ಲ. ಉಳಿದ ನವಿಲಿನ ಮೇಲೆ ಬಿಳಿ ಪುಡಿ ಕೂತಿತ್ತು. ಹತ್ತಿಗೆ ಸ್ಪಿರಿಟ್ ಅದ್ದಿ ಮೆಲ್ಲಗೆ ಒರೆಸಿದೆ. ಹತ್ತಿ ಕೆಂಪಾಯಿತು, ನವಿಲಿನ ಕಣ್ಣು ಅರ್ಧ ಕಲೆಸಿಹೋಯಿತು. ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಬಡಗಿಗಳು ಅರಗಿನ ಚಕ್ಕೆಯನ್ನು ಸ್ಪಿರಿಟ್ಟಿನಲ್ಲಿ ನೆನೆಸಿಯೇ ಪಾಲಿಶ್ ಮಾಡಿಕೊಳ್ಳುವುದು, ಅದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಕೈಗೆ ಹತ್ತಿ ಬಂದಾಗ ತಲೆಗೆ ಬರಲಿಲ್ಲ.

ಕಾರವಾರ ರಸ್ತೆಯಲ್ಲಿ 30 ಕಿಲೋಮೀಟರ್ ದೂರದ ಕಲಘಟಗಿಗೆ ಟೆಂಪೊದಲ್ಲಿ ತೊಟ್ಟಿಲು ಒಯ್ದೆ. ಅಲ್ಲಿನ ಕೆಲಸಗಾರರೊಬ್ಬರು ಬೋಳು ಬದಿಯ ಮೇಲೆ ಅಂಗೈ ಆಡಿಸಿದರು.

“ಮಷೀನ್ ಹಚ್ಚೀರೇನ್ರಿ?”

“ಹೂಂ.”

“ಕಟಗಿಗೆ ಏನೂ ಆಗಿಲ್ರಿ, ಗಟ್ಟಿ ಐತಿ. ಚಿತ್ರ ಹೋತ್ರಿ.”

ಅರಗು ನುಣುಪಾದದ್ದು, ಅದರ ಮೇಲೆ ಎಣ್ಣೆಬಣ್ಣ ಬಿಗಿಯಾಗಿ ಕಚ್ಚುವುದಿಲ್ಲವಂತೆ. ಮೊಂಡು ಬಿದಿರ ಚಕ್ಕೆಯಿಂದ ದಿನಕ್ಕೊಂದು ಅಂಗೈ ಅಗಲ ಎಬ್ಬಿಸುತ್ತ ಹೋಗಿದ್ದರೆ ಬಹಳಷ್ಟು ಉಳಿಯುತ್ತಿತ್ತು ಅಂದರು. ನೀರು ಹಾಕಿ ಉಜ್ಜಿದ್ದರೂ ಕೆಡುತ್ತಿತ್ತು, ಅರಗಿಗೆ ನೀರು ತಗುಲಿದರೆ ಬೆಳ್ಳಗೆ ಮಂಕು ಬಡಿಯುತ್ತದೆ. ಬೈಯಲಿಲ್ಲ ಅವರು. ಬೈದಿದ್ದರೆ ಹಗುರಾಗುತ್ತಿತ್ತು.

ನಷ್ಟ ಇಷ್ಟೇ ಆಗಿದ್ದರೆ ನಾನು ಬಾಯಿ ಮುಚ್ಚಿಕೊಂಡು ಇರುತ್ತಿದ್ದೆ, ಮನೆಯ ಮಾತು ಮನೆಯಲ್ಲೇ ಇರಲಿ ಅಂತ. ಆದರೆ ಎರಡು-ಮೂರು ವಾರ ಕಳೆದ ಮೇಲೆ ತಮ್ಮನ ಮೊಮ್ಮಗ ಊಟ ಬಿಟ್ಟ. ಹೊಟ್ಟೆ ಹಿಡಿದುಕೊಂಡು ಅಳುತ್ತಿದ್ದ, ನಾಲ್ಕು ದಿನಕ್ಕೊಮ್ಮೆ ಹೊರಗಡೆ ಹೋಗುತ್ತಿದ್ದ. ಜಂತಿನ ಔಷಧಿ ಆಯಿತು, ದೃಷ್ಟಿ ತೆಗೆದದ್ದೂ ಆಯಿತು. ಮಕ್ಕಳ ಡಾಕ್ಟರು ಅದೂ ಇದೂ ವಿಚಾರಿಸುತ್ತ, “ಮನ್ಯಾಗ ಇತ್ತೀಚಿಗೆ ಬಣ್ಣದ ಕೆಲಸ ಏನರ ನಡದಿತ್ತೇನ್ರಿ?” ಅಂತ ಕೇಳಿದರು. ನಾನು ಫೋನಿನ ಫೋಟೊ ತೋರಿಸಿದೆ. ಅವರು ಮತ್ತೇನೂ ಕೇಳದೆ ರಕ್ತದಲ್ಲಿ ಸೀಸದ ಪರೀಕ್ಷೆ ಬರೆದರು, ಹುಡುಗನಿಗೂ ಮಗಳಿಗೂ. ಬೆರಳಿಗೆ ಚುಚ್ಚಿ ತೆಗೆದರೆ ಚರ್ಮದ ಮೇಲಿನ ಧೂಳೂ ಸೇರಿಬಿಡಬಹುದು ಅಂತ ನರದಿಂದಲೇ ತೆಗೆಸಲು ಹೇಳಿದರು.

ಹುಡುಗನಿಗೆ ಡೆಸಿಲೀಟರಿಗೆ 14 ಮೈಕ್ರೊಗ್ರಾಂ ಬಂತು. ಮಗಳಿಗೆ 4. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 5 ಮುಟ್ಟಿದರೆ ಸೀಸ ಎಲ್ಲಿಂದ ಬಂತು ಅಂತ ಹುಡುಕಿ ತಡೆಯಬೇಕು. ಇಷ್ಟರವರೆಗೆ ಇದ್ದರೆ ಪರವಾಗಿಲ್ಲ ಅನ್ನುವ ಅಳತೆ ಅವರ ಪುಸ್ತಕದಲ್ಲಿ ಇಲ್ಲವೇ ಇಲ್ಲ. ದೊಡ್ಡವರ ಹೊಟ್ಟೆಗೆ ಹೋದ ಸೀಸಕ್ಕಿಂತ ನಾಲ್ಕೈದು ಪಟ್ಟು ಹೆಚ್ಚು ಚಿಕ್ಕ ಮಕ್ಕಳ ದೇಹ ಹೀರಿಕೊಳ್ಳುತ್ತದೆ, ಅದು ಮಿದುಳಿನ ಬೆಳವಣಿಗೆಗೇ ಕೈ ಹಾಕುತ್ತದೆ. ದೇಹ ಸೀಸವನ್ನು ಕ್ಯಾಲ್ಸಿಯಂ ಎಂದೇ ತಿಳಿದು ಎಲುಬಿನಲ್ಲಿ ಕೂಡಿಡುತ್ತದೆ, ಬಸುರಿಯ ಎಲುಬು ಸವೆಯುವಾಗ ಅದು ಮತ್ತೆ ರಕ್ತಕ್ಕೆ ಇಳಿದು ಮಗುವಿಗೆ ದಾಟುತ್ತದೆ. ಇದನ್ನೆಲ್ಲ ಡಾಕ್ಟರು ಮಗಳಿಗೆ ಹೇಳುತ್ತಿದ್ದಾಗ ನಾನು ಪಕ್ಕದ ಕುರ್ಚಿಯಲ್ಲೇ ಇದ್ದೆ.

ಬಣ್ಣದಲ್ಲಿ ಸೀಸ ಯಾಕೆ ಅಂತ ನನಗೂ ಅನ್ನಿಸಿತು. ಹಳದಿ, ಕಿತ್ತಳೆ ಬಣ್ಣಗಳಿಗೆ ಲೆಡ್ ಕ್ರೋಮೇಟ್ ಹಾಕುತ್ತಿದ್ದರು, ಅದಕ್ಕೇ ನೀಲಿ ಬೆರೆಸಿದರೆ ಬಾಗಿಲು-ಕಿಟಕಿಯ ಆ ನಮ್ಮೆಲ್ಲರ ಹಸಿರು. ಎಣ್ಣೆಬಣ್ಣ ಬೇಗ ಒಣಗಲಿ ಅಂತ ಹಾಕುತ್ತಿದ್ದ ವಸ್ತುವಿನಲ್ಲೂ ಸೀಸ, ಕಬ್ಬಿಣಕ್ಕೆ ಬಳಿಯುವ ಕೆಂಪು ಪ್ರೈಮರಿನಲ್ಲೂ ಸೀಸ. ನಮ್ಮ ದೇಶದಲ್ಲಿ ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ, ಅಂದರೆ 90 ಪಿಪಿಎಂ ಮೀರಕೂಡದು ಅನ್ನುವ ಕಾನೂನು ಜಾರಿಗೆ ಬಂದದ್ದೇ 2017ರ ನವೆಂಬರ್ 1ರಂದು. ಅದಕ್ಕಿಂತ ಹಿಂದಿನ ಯಾವ ಬಣ್ಣವನ್ನೂ ನಾನಂತೂ ಇನ್ನು ನಂಬುವುದಿಲ್ಲ. ಅಳಿಯ ಬೆಂಗಳೂರಿನ ಒಂದು ಲ್ಯಾಬಿನಲ್ಲಿ ತೊಟ್ಟಿಲಿನ ಚಕ್ಕೆ ಪರೀಕ್ಷೆ ಮಾಡಿಸಿದ. 18,000 ಪಿಪಿಎಂ.

ಹುಡುಗನಿಗೆ ಸೀಸ ಇಳಿಸುವ ಔಷಧಿ ಕೊಡಲಿಲ್ಲ, ಅದು 45ರ ಮೇಲೆ ಹೋದವರಿಗೆ. ಕಬ್ಬಿಣಾಂಶ, ಕ್ಯಾಲ್ಸಿಯಂ, ಹೊಟ್ಟೆ ತುಂಬ ಊಟ, ಮೇಲಿಂದ ಮೇಲೆ ಕೈ ತೊಳೆಸುವುದು. ಮತ್ತೆ ಮನೆಯ ಧೂಳು ತೆಗೆಯುವುದು. ಈ ಧೂಳಿನ ಕೆಲಸ ಮಾತ್ರ ನನ್ನ ಸೊಂಟ ಮುರಿಯಿತು. ಆ ಮೂರು ದಿನ ನಾನು ಸಂಜೆ ಸಂಜೆ ಕಸಬರಿಗೆಯಿಂದ ಮಾಳಿಗೆ ಗುಡಿಸಿ, ಪಡಸಾಲೆಗೆ ವ್ಯಾಕ್ಯೂಮ್ ಹಚ್ಚಿದ್ದೆ. ಎರಡೂ ತಪ್ಪು. ಒಣ ಕಸಬರಿಗೆ ಅದನ್ನು ಎಬ್ಬಿಸಿ ಮತ್ತೊಂದು ಕಡೆ ಕೂರಿಸುತ್ತದೆ, ಮನೆಯ ಸಾಮಾನ್ಯ ವ್ಯಾಕ್ಯೂಮ್ ನುಣುಪು ಧೂಳನ್ನು ಹಿಂದಿನಿಂದ ಊದುತ್ತದೆ. ಸ್ಯಾಂಡರಿನ ಬೆನ್ನಿಗಿರುವ ಬಟ್ಟೆಯ ಚೀಲವೂ ಅಷ್ಟೇ, ಜರಡಿ ಇದ್ದ ಹಾಗೆ. ಸೋಪಿನ ನೀರಿನ ಬಕೆಟ್ ಒಂದು, ಹಿಂಡಲು ಬೇರೆ ಬಕೆಟ್ ಒಂದು, ಒರೆಸಿದ ಬಟ್ಟೆ ಮತ್ತೆ ಬಳಸದೆ ಎಸೆಯುವುದು. ಕಿಟಕಿಯ ಗೂಡು, ಬಾಗಿಲಿನ ಸಂದಿ, ತುಳಸಿಕಟ್ಟೆ ಯಾವುದನ್ನೂ ಬಿಡಲಿಲ್ಲ. ಹಾಕಿಕೊಂಡಿದ್ದ ಬಟ್ಟೆ ಬೇರೆಯಾಗಿ ಒಗೆದೆವು. ಶಾವಿಗೆ, ಮೆಣಸಿನಕಾಯಿ ಅಷ್ಟೂ ಮಣ್ಣುಪಾಲು. ಹೆಂಡತಿ ಅವತ್ತು ನನ್ನ ಜೊತೆ ಮಾತಾಡಲಿಲ್ಲ.

ಕೇಳಿದವರಿಗೆ ಹೇಳುವುದು ಇಷ್ಟು. ಹಳೇ ಬಣ್ಣ ಎಲ್ಲೂ ಚಕ್ಕೆ ಏಳದೆ ಗಟ್ಟಿಯಾಗಿದ್ದರೆ, ಮಕ್ಕಳು ಕಚ್ಚುವ ವಸ್ತು ಅಲ್ಲದಿದ್ದರೆ, ಅದನ್ನು ಕೆಣಕಬೇಡಿ. ತೆಗೆಯಲೇಬೇಕಾದರೆ ಮೊದಲು ಕಾಣದ ಜಾಗದಲ್ಲಿ, ಕಾಲಿನ ಅಡಿಯಲ್ಲೋ ಹಿಂಬದಿಯಲ್ಲೋ, ಸಾಸಿವೆಯಷ್ಟು ಜಾಗಕ್ಕೆ ಸ್ಪಿರಿಟ್ ಮುಟ್ಟಿಸಿ ನೋಡಿ. ಕರಗಿ ಅಂಟಾದರೆ ಅರಗು, ಜಗ್ಗದಿದ್ದರೆ ಎಣ್ಣೆಬಣ್ಣ ಇರಬಹುದು. ಒಂದು ಚಕ್ಕೆ ಲ್ಯಾಬಿಗೆ ಕಳಿಸಿ. ಸೀಸ ಇದ್ದರೆ ಒಣ ಉಪ್ಪುಕಾಗದ ಬೇಡ, ಮಷೀನು ಬೇಡವೇ ಬೇಡ, ಬಿಸಿಗಾಳಿಯ ಗನ್ನೂ ಬೇಡ, ಕಾವು ಹೆಚ್ಚಾದರೆ ಸೀಸ ಹೊಗೆಯಾಗಿ ಮೂಗಿಗೇ ಬರುತ್ತದೆ. ಬಸುರಿ, ಮಕ್ಕಳು ಇರುವ ಮನೆಯಲ್ಲಿ ಈ ಕೆಲಸ ಯಾರೂ ಮಾಡಬೇಡಿ. ಮುಖಕ್ಕೆ ಟವೆಲ್ ಕಟ್ಟಿಕೊಂಡೆ ಅನ್ನುವವರಿಗೆ ನಾನೂ ಕಟ್ಟಿಕೊಂಡಿದ್ದೆ ಅಂತ ಹೇಳಿ. ಇನ್ನೊಂದು, ಮುರಿದ ಹಳೇ ಕಿಟಕಿಯ ಚೌಕಟ್ಟು ನೀರೊಲೆಗೆ ಹಾಕುತ್ತೀರಲ್ಲ, ಬಣ್ಣ ಇದ್ದರೆ ಹಾಕಬೇಡಿ. ಸೀಸ ಸುಡುವುದಿಲ್ಲ, ಹೊಗೆಯಲ್ಲೂ ಬೂದಿಯಲ್ಲೂ ಉಳಿಯುತ್ತದೆ. ಆ ಬೂದಿಯಿಂದ ಪಾತ್ರೆ ತಿಕ್ಕುವ ಮನೆಗಳು ನಮ್ಮ ಕಡೆ ಇನ್ನೂ ಇವೆ.

ಮೂರು ತಿಂಗಳಿಗೆ ಹುಡುಗನ ಅಂಕಿ 8ಕ್ಕೆ ಇಳಿದಿದೆ, ಮತ್ತೆ ಪರೀಕ್ಷೆ ದೀಪಾವಳಿ ಆದ ಮೇಲೆ. ಮೊಮ್ಮಗಳು ಆರೋಗ್ಯವಾಗಿ ಹುಟ್ಟಿದಳು. ಬಾಡಿಗೆ ತಂದ ತೊಟ್ಟಿಲಲ್ಲಿ ಹೆಸರಿಟ್ಟೆವು, ಮಲಗುವುದು ಮಾತ್ರ ಅಜ್ಜಿಯ ಸೀರೆಯ ಜೋಲಿಯಲ್ಲಿ. ನಮ್ಮ ತೊಟ್ಟಿಲು ಕಲಘಟಗಿಯಲ್ಲೇ ಇದೆ. ಬೋಳು ಬದಿಗಳಿಗೆ ಹೊಸ ಚಿತ್ರ ಬರೆಯಲೇ ಅಂತ ಕೇಳಿದ್ದಾರೆ, ಮಗಳು ಇನ್ನೂ ಉತ್ತರ ಹೇಳಿಲ್ಲ.

ಸ್ಯಾಂಡರ್ ಮತ್ತು ಅದರ ಹಸಿರು ಚೀಲವನ್ನು ಎರಡು ದಪ್ಪ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಇಟ್ಟಿದ್ದೇನೆ. ಇದನ್ನು ಬೇರೆಯಾಗಿ ತೆಗೆದುಕೊಂಡು ಹೋಗಪ್ಪಾ ಅಂದರೆ ಕಸದ ಗಾಡಿಯ ಹುಡುಗ ನಗುತ್ತಾನೆ. ಮೊನ್ನೆ ಎದುರು ಮನೆಯವರು ಬಂದು ಅದೇ ಮಷೀನು ಎರಡು ದಿನಕ್ಕೆ ಕೇಳಿದರು, ಅವರ ಮಾವನ ಕಾಲದ ಕಪಾಟಿಗಂತೆ. ಅದೂ ಹಸಿರು. ಮಷೀನು ಕೊಡಲಿಲ್ಲ. ಕಪಾಟಿನ ಹಿಂಬದಿಯಿಂದ ಉಗುರಗಲದ ಚಕ್ಕೆ ಒಂದು ಕಿತ್ತು ಕವರಿಗೆ ಹಾಕಲು ಹೇಳಿ, ಲ್ಯಾಬಿನ ವಿಳಾಸ ಬರೆದುಕೊಟ್ಟೆ.